ಬಸ್ಸಿನಲ್ಲಿ ಹತ್ತು ನಿಮಿಷ, ಬಿಲ್ಲಿನಲ್ಲಿ ಮುನ್ನೂರು ಪೌಂಡ್

ಲಂಡನ್ನಿನಲ್ಲಿ ನಾನು ಸಲಹೆಗಾರಳಾಗಿ ಕೂರುವ ಮೇಜಿನ ಮೇಲೆ ಒಬ್ಬ ಹೆಂಗಸು ಎರಡು ಕೌನ್ಸಿಲ್ ಟ್ಯಾಕ್ಸ್ ಬಿಲ್ ಹರಡಿದರು. ಒಂದು ಹಳೇ ಮನೆಯದು, ಇನ್ನೊಂದು ಹೊಸದರದು. ಬಸ್ಸಿನಲ್ಲಿ ಹತ್ತೇ ನಿಮಿಷದ ದಾರಿ. ಅದೇ ಕ್ಲೀನಿಂಗ್ ಕೆಲಸ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಅದೇ ಯೂನಿವರ್ಸಲ್ ಕ್ರೆಡಿಟ್, ಅವೇ ಎರಡು ಮಕ್ಕಳು. ಹಳೆಯದರಲ್ಲಿ ಕಟ್ಟಬೇಕಾದದ್ದು ಸೊನ್ನೆ. ಹೊಸದರಲ್ಲಿ ಮುನ್ನೂರು ಪೌಂಡಿನ ಹತ್ತಿರ. "ಲೆಕ್ಕ ತಪ್ಪಾಗಿರಬೇಕು ಅಲ್ವಾ?" ಎಂದರು. ತಪ್ಪಾಗಿರಲಿಲ್ಲ. ಮನೆ ಬದಲಿಸಿದಾಗ ಅವರಿಗೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕೂಡ ಬದಲಾಗಿತ್ತು.

ಕೌನ್ಸಿಲ್ ಟ್ಯಾಕ್ಸ್ ನಮ್ಮ ಮನೆ ಕಂದಾಯದ ದೂರದ ನೆಂಟ. ಆದರೆ ಇಲ್ಲಿ ಸಾಮಾನ್ಯವಾಗಿ ಕಟ್ಟುವವರು ಮನೆಯಲ್ಲಿ ವಾಸ ಇರುವವರು. ಬಾಡಿಗೆದಾರರೇ ಆದರೂ ಸರಿ. ಮನೆ 1991ರ ಏಪ್ರಿಲ್‌ನಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಎಂಬುದರ ಮೇಲೆ ತೆರಿಗೆಯ ಬ್ಯಾಂಡ್, ಅಂದರೆ ದರ್ಜೆ, ನಿಗದಿ. ಮೊನ್ನೆ ಕಟ್ಟಿದ ಫ್ಲ್ಯಾಟಿಗೂ ಅದೇ!

2013ರ ಮಾರ್ಚ್‌ವರೆಗೆ ಬಡವರಿಗೆ ಇದರಲ್ಲಿ ಸಿಗುತ್ತಿದ್ದ ನೆರವಿಗೆ ದೇಶಕ್ಕೆಲ್ಲ ಒಂದೇ ನಿಯಮ. ಆಮೇಲೆ ಕೇಂದ್ರ ಸರ್ಕಾರ ಹಣವನ್ನು ಶೇ 10ರಷ್ಟು ಕಡಿತ ಮಾಡಿ, ಇಂಗ್ಲೆಂಡಿನಲ್ಲಿ ಜವಾಬ್ದಾರಿಯನ್ನು ಕೌನ್ಸಿಲ್‌ಗಳ ಹೆಗಲಿಗೆ ಹಾಕಿತು. ಪಿಂಚಣಿ ವಯಸ್ಸಿನವರ ನಿಯಮವನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಹಾಗಾಗಿ ಕಡಿತದ ಭಾರವೆಲ್ಲ ದುಡಿಯುವ ವಯಸ್ಸಿನ ಬಡವರ ಮೇಲೆಯೇ ಬಿತ್ತು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಇಂದಿಗೂ ಇಡೀ ನಾಡಿಗೆ ಒಂದೇ ಯೋಜನೆ ಇದೆ.

ಇಂಗ್ಲೆಂಡಿನಲ್ಲಿ ಕೆಲವು ಕೌನ್ಸಿಲ್‌ಗಳು ಪೂರ್ತಿ ಮನ್ನಾ ಉಳಿಸಿಕೊಂಡವು. ಹಲವು ಕಡೆ ಎಷ್ಟೇ ಬಡವರಿದ್ದರೂ ತೆರಿಗೆಯ ಒಂದು ಪಾಲು ಕಟ್ಟಲೇಬೇಕು. 1,200 ಪೌಂಡಿನ ತೆರಿಗೆಗೆ ಶೇ 20 ಎಂದರೆ 240. ಹತ್ತು ಕಂತಾದರೆ ತಿಂಗಳಿಗೆ 24. ಸಂಬಳಸ್ಥರಿಗೆ ಇದು ಒಂದು ಊಟದ ಖರ್ಚು, ನನ್ನೆದುರು ಕೂರುವವರಿಗೆ ವಾರದ ದಿನಸಿ. ಹಳೇ ನಿಯಮದಲ್ಲಿ ಉಳಿತಾಯದ ಮಿತಿ 16,000 ಪೌಂಡ್ ಇತ್ತು; ಕೆಲವು ಕಡೆ ಅದು 6,000ಕ್ಕೆ ಇಳಿದಿದೆ. ಇನ್ನು ಕೆಲವರದು ಆದಾಯದ ಮೆಟ್ಟಿಲು ಲೆಕ್ಕ: ಒಂದು ಪೌಂಡ್ ಹೆಚ್ಚು ದುಡಿದರೂ ನೆರವು ಕೆಳಗಿನ ಮೆಟ್ಟಿಲಿಗೆ ಜಾರಬಹುದು.

ಕೌನ್ಸಿಲ್‌ಗಳು ಮನಸ್ಸಿಗೆ ಬಂದಂತೆ ಮಾಡಲೂ ಆಗದು. 2014ರಲ್ಲಿ ಸ್ಯಾಂಡ್‌ವೆಲ್ ಕೌನ್ಸಿಲ್‌ನ 'ಎರಡು ವರ್ಷ ಇಲ್ಲೇ ವಾಸವಿದ್ದವರಿಗೆ ಮಾತ್ರ' ಎಂಬ ಷರತ್ತು ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ಹ್ಯಾರಿಂಗೇ ಕೌನ್ಸಿಲ್ ನೆರವಿನ ಕಡಿತದ ಬಗ್ಗೆ ಜನಾಭಿಪ್ರಾಯ ಕೇಳಿದ ರೀತಿಯೇ ಕಾನೂನುಬಾಹಿರ ಎಂದಿತು ಸುಪ್ರೀಂ ಕೋರ್ಟ್. ಕಡಿತ ಬಿಟ್ಟು ಬೇರೆ ದಾರಿಗಳೂ ಇದ್ದವೆಂದು ಕೌನ್ಸಿಲ್ ಜನರಿಗೆ ಹೇಳಿರಲಿಲ್ಲ.

ನಾನು ದಿನಾ ನೋಡುವ ತಪ್ಪು ಬೇರೆಯದೇ. ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರೆ ಇದೂ ತಾನಾಗೇ ಸಿಗುತ್ತದೆ ಎಂದುಕೊಳ್ಳುತ್ತಾರೆ. ಕೌನ್ಸಿಲ್‌ಗೆ ಬೇರೆಯೇ ಅರ್ಜಿ ಬೇಕು. ತಡವಾದರೆ ಹಿಂದಿನ ತಿಂಗಳುಗಳದು ಸಿಗುವುದೂ ಅಲ್ಲಲ್ಲಿನ ನಿಯಮದ ಮೇಲೆ. ಕಂತು ತಪ್ಪಿಸಿದರೆ ಮೊದಲು ನೆನಪೋಲೆ. ಆಗಲೂ ಕಟ್ಟದಿದ್ದರೆ ಇಡೀ ವರ್ಷದ ಬಾಕಿ ಒಟ್ಟಿಗೆ. ನಂತರ ಮ್ಯಾಜಿಸ್ಟ್ರೇಟ್ ಆದೇಶ, ಬಾಗಿಲಿಗೆ ಜಪ್ತಿಯವರು. ಜಗಳವಿದ್ದರೂ ಕಟ್ಟುತ್ತಾ ಜಗಳಾಡಿ ಎನ್ನುತ್ತೇನೆ. ಮೊದಲು ಕೌನ್ಸಿಲ್‌ಗೆ ಬರೆಯಿರಿ, ಬಗೆಹರಿಯದಿದ್ದರೆ ಇಂಥ ತಕರಾರು ಕೇಳುವ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ ಹೋಗಬಹುದು.

ವೀಸಾದಲ್ಲಿ ಬಂದಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಸಾರ್ವಜನಿಕ ನಿಧಿ ಪಡೆಯಬಾರದೆಂಬ ಷರತ್ತು ನಿಮ್ಮ ವೀಸಾದಲ್ಲಿದ್ದರೆ ಈ ನೆರವಿನ ಅರ್ಜಿಗೆ ಕೈ ಹಾಕಬೇಡಿ. ಆದರೆ ಒಬ್ಬರೇ ಇರುವವರಿಗೆ ಸಿಗುವ ಶೇ 25ರ ರಿಯಾಯಿತಿ ಆ ಲೆಕ್ಕಕ್ಕೆ ಬರುವುದಿಲ್ಲ. ಹೆದರಿ ಅದನ್ನೂ ಬಿಟ್ಟುಕೊಡುವವರನ್ನು ಕಂಡಿದ್ದೇನೆ.

ಆ ಹೆಂಗಸಿನ ವಿಷಯದಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲ, ಲೆಕ್ಕ ಸರಿಯಾಗಿಯೇ ಇತ್ತಲ್ಲ. 1992ರ ಸ್ಥಳೀಯ ಸರ್ಕಾರ ಹಣಕಾಸು ಕಾಯ್ದೆಯ ಸೆಕ್ಷನ್ 13ಎ ಹಿಡಿದೆವು. ಕಷ್ಟ ನೋಡಿ ತೆರಿಗೆ ಇಳಿಸುವ ಅಧಿಕಾರ ಅದರಡಿ ಎಲ್ಲ ಕೌನ್ಸಿಲ್‌ಗೂ ಇದೆ, ಡಂಗುರ ಸಾರುವವರು ಕಡಿಮೆ. ಖರ್ಚಿನ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ಕಳಿಸಿದೆವು. ಆರು ವಾರಕ್ಕೆ ಉತ್ತರ ಬಂತು: ಅರ್ಧ ಮನ್ನಾ, ಈ ವರ್ಷಕ್ಕೆ ಮಾತ್ರ.