ಚಿನ್ನದ ಲೆಕ್ಕಕ್ಕೆ ಮೊದಲು ಕಬ್ಬಿಣದ ಲೆಕ್ಕ

ನಮ್ಮ ಪ್ರಯೋಗಾಲಯಕ್ಕೆ ಅದಿರಿನ ತುಣುಕು ತರುವವರು ಕೇಳುವುದು ಒಂದೇ ಪ್ರಶ್ನೆ: “ಸರ್, ಇದರಲ್ಲಿ ಚಿನ್ನ ಎಷ್ಟು ಪಿಪಿಎಂ ಇದೆ?” ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ. ನಾನು ಕೇಳುವುದೂ ಒಂದೇ: “ಈ ಖನಿಜ ಕಣದಲ್ಲಿ ಕಬ್ಬಿಣ ಶೇಕಡಾ ಎಷ್ಟಿದೆ?” ಆಗ ಮುಖ ಸಪ್ಪಗಾಗುತ್ತದೆ. “ಅದನ್ನೂ ಯಂತ್ರವೇ ಹೇಳುವುದಿಲ್ಲವೇ?”

ಹೇಳುವುದಿಲ್ಲ. ಎಷ್ಟು ಸಲ ಹೇಳಿದರೂ ಸಾಲದು, ಹೇಳುವುದಿಲ್ಲ. ನಮ್ಮ ಯಂತ್ರದ ಲೇಸರ್ ಕಣದಲ್ಲಿ ಸುಮಾರು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 30 ಭಾಗ) ಅಗಲದ ಕುಳಿ ಕೊರೆಯುತ್ತದೆ. ಎದ್ದ ಧೂಳನ್ನು ಹೀಲಿಯಂ ಹೊತ್ತೊಯ್ದು ಆರ್ಗಾನ್ ಪ್ಲಾಸ್ಮಾಕ್ಕೆ, ಅಂದರೆ ಅತಿ ಬಿಸಿಯಾದ ವಿದ್ಯುದಾವೇಶದ ಅನಿಲಕ್ಕೆ, ಸೇರಿಸುತ್ತದೆ. ಅಲ್ಲಿ ಹುಟ್ಟಿದ ಅಯಾನುಗಳನ್ನು, ಅಂದರೆ ವಿದ್ಯುದಾವೇಶದ ಪರಮಾಣುಗಳನ್ನು, ಸ್ಪೆಕ್ಟ್ರೋಮೀಟರ್ ಅವುಗಳ ರಾಶಿಗೆ (ತೂಕಕ್ಕೆ) ಅನುಗುಣವಾಗಿ ಬೇರ್ಪಡಿಸಿ ಎಣಿಸುತ್ತದೆ. ಎಣಿಸುತ್ತದೆ, ಅಷ್ಟೇ. ಕುಳಿಯಿಂದ ಎಷ್ಟು ಧೂಳು ಎದ್ದಿತು ಎಂಬುದನ್ನು ಯಾರೂ ತೂಗಿರುವುದಿಲ್ಲ. ಖನಿಜ ಬದಲಾದರೆ, ಲೇಸರಿನ ನಾಭಿ (ಫೋಕಸ್) ಕೂದಲೆಳೆಯಷ್ಟು ಸರಿದರೆ, ಏಳುವ ಧೂಳೂ ಹೆಚ್ಚುಕಡಿಮೆಯಾಗುತ್ತದೆ. ಅಕ್ಕಿಯಲ್ಲಿ ಹತ್ತು ಕಲ್ಲು ಸಿಕ್ಕವು ಎಂದರೆ ಅಕ್ಕಿ ಕೆಟ್ಟದ್ದೋ ಒಳ್ಳೆಯದೋ? ಆರಿಸಿದ್ದು ಪಾವು ಅಕ್ಕಿಯೋ ಮೂಟೆ ಅಕ್ಕಿಯೋ ತಿಳಿಯದೆ ಉತ್ತರವಿಲ್ಲ.

ಆ ಅಳತೆಯನ್ನು ಒದಗಿಸುವುದೇ ಆಂತರಿಕ ಮಾನಕ, ಅಂದರೆ ಅದೇ ಕಣದಲ್ಲಿ ಪ್ರಮಾಣ ಮೊದಲೇ ಗೊತ್ತಿರುವ ಒಂದು ಧಾತು. ಸಲ್ಫೈಡ್ ಖನಿಜಗಳಿಗೆ, ಅಂದರೆ ಲೋಹದೊಂದಿಗೆ ಗಂಧಕ ಸೇರಿದವಕ್ಕೆ, ಸಾಮಾನ್ಯವಾಗಿ ಕಬ್ಬಿಣವನ್ನು ಆರಿಸುತ್ತೇವೆ. ಅದರಲ್ಲೂ ಎಣಿಸುವುದು ಕಬ್ಬಿಣ-57 ಅನ್ನು, ಅಂದರೆ ರಾಶಿ 57 ಇರುವ ಕಬ್ಬಿಣದ ಪರಮಾಣುಗಳನ್ನು. ಹೇರಳವಾಗಿರುವ 56ರ ಜಾಗದಲ್ಲಿ ಪ್ಲಾಸ್ಮಾದ ಆರ್ಗಾನ್ ಮತ್ತು ಆಮ್ಲಜನಕ ಜೋಡಿಯಾಗಿ (40ಕ್ಕೆ 16 ಸೇರಿ 56) ಬಂದು ಕುಳಿತಿರುತ್ತವೆ. ಧೂಳು ಹೆಚ್ಚಾದರೆ ಕಬ್ಬಿಣದ ಎಣಿಕೆಯೂ ಚಿನ್ನದ ಎಣಿಕೆಯೂ ಒಟ್ಟಿಗೆ ಏರುತ್ತವೆ, ಅನುಪಾತ ಹೆಚ್ಚೇನೂ ಕದಲುವುದಿಲ್ಲ. ಆ ಅನುಪಾತವನ್ನು ಪಿಪಿಎಂ ಮಾಡುವುದಕ್ಕೆ ಬೇಕಾದದ್ದು ನೀವು ಕೊಡುವ ಕಬ್ಬಿಣದ ಶೇಕಡಾವಾರು. ಹೋಲಿಕೆಗೆ ಮಾಸ್-1ರಂತಹ ಸಲ್ಫೈಡ್ ಮಾನಕ ನಮ್ಮಲ್ಲಿದೆ, ಅದರ ಚಿಂತೆ ನಿಮಗೆ ಬೇಡ.

ರಾಯಚೂರು ಜಿಲ್ಲೆಯ ಹಟ್ಟಿಯ ಅದಿರನ್ನು ಅಭ್ಯಾಸ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಬಹಳ ಶ್ರದ್ಧೆಯ ಹುಡುಗಿ, ತುಣುಕುಗಳನ್ನು ಕನ್ನಡಿಯಂತೆ ಉಜ್ಜಿ ತಂದಿದ್ದಳು. ಆದರೆ ಪಟ್ಟಿಯಲ್ಲಿ ಎಲ್ಲ ಬಿಂದುಗಳ ಎದುರೂ ‘ಪೈರೈಟ್, ಕಬ್ಬಿಣ 46.5’ ಎಂದು ಬರೆದಿದ್ದಳು. ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕದ ಹಳದಿ ಖನಿಜ. ಪರದೆಯ ಮೇಲೆ ನೋಡಿದರೆ ಅರ್ಧದಷ್ಟು ಕಣಗಳು ಹಳದಿ ಛಾಯೆಯಿಲ್ಲದ ಬಿಳುಪು. ಲೇಸರ್ ಹರಿಸಿದಾಗ ಆರ್ಸೆನಿಕ್ ಎಣಿಕೆ ಆಕಾಶಕ್ಕೆ ಜಿಗಿಯಿತು. ಅವು ಆರ್ಸೆನೊಪೈರೈಟ್, ಕಬ್ಬಿಣ ಮತ್ತು ಗಂಧಕದ ಜೊತೆ ಆರ್ಸೆನಿಕ್ ಕೂಡ ಇರುವ ಖನಿಜ. ಅದರಲ್ಲಿ ಕಬ್ಬಿಣ ಇರುವುದು ಶೇಕಡಾ 34ರ ಆಸುಪಾಸು. 46.5 ಎಂದೇ ಲೆಕ್ಕ ಹಾಕಿದ್ದರೆ ನಿಜಕ್ಕೂ 10 ಪಿಪಿಎಂ ಇರುವ ಚಿನ್ನ ಸುಮಾರು 13.6 ಎಂದು ಬರುತ್ತಿತ್ತು. ಚಿನ್ನ ಮಾತ್ರವಲ್ಲ, ಕೋಬಾಲ್ಟ್, ನಿಕಲ್, ಎಲ್ಲವೂ ಅದೇ ಪ್ರಮಾಣದಲ್ಲಿ ಉಬ್ಬುತ್ತಿದ್ದವು. ಎಲ್ಲವೂ ಒಟ್ಟಿಗೆ ಉಬ್ಬಿದಾಗ ನಕ್ಷೆಯಲ್ಲಿ ಯಾವ ತಪ್ಪೂ ಎದ್ದು ಕಾಣುವುದಿಲ್ಲ. ನನಗೆ ಭಯ ಇದರದ್ದೇ.

ಕಬ್ಬಿಣದ ಶೇಕಡಾವಾರು ಕೇಳದೆ, ಎಲ್ಲ ಧಾತುಗಳ ಮೊತ್ತವನ್ನು ಶೇಕಡಾ ನೂರಕ್ಕೆ ಹೊಂದಿಸಿ ಲೆಕ್ಕ ಹಾಕುವ ವಿಧಾನವೂ ಇದೆ. ಗಾಜಿಗೆ, ಸಿಲಿಕೇಟ್‌ಗಳಿಗೆ ಅದು ಸಾಕಷ್ಟು ಒಗ್ಗುತ್ತದೆ. ಸಲ್ಫೈಡ್‌ಗಳಲ್ಲಿ ಗಂಧಕವನ್ನು ಸರಿಯಾಗಿ ಅಳೆಯುವುದೇ ಕಷ್ಟವಾದ್ದರಿಂದ ಅದನ್ನು ನೆಚ್ಚಿಕೊಳ್ಳಲು ನಾನು ಹಿಂಜರಿಯುತ್ತೇನೆ.

ಆದ್ದರಿಂದ ಬರುವ ಮೊದಲು, ಕಣದಲ್ಲಿ ಯಾವ ಧಾತು ಶೇಕಡಾ ಎಷ್ಟಿದೆ ಎಂದು ಅಳೆಯುವ ಎಲೆಕ್ಟ್ರಾನ್ ಮೈಕ್ರೊಪ್ರೋಬ್‌ನಲ್ಲಿ ಅದೇ ಕಣಗಳನ್ನು ನೋಡಿಸಿ, ಬಿಂದುಗಳನ್ನು ಚಿತ್ರದ ಮೇಲೆ ಗುರುತು ಹಾಕಿ ತನ್ನಿ. ಹಾಗೆಯೇ ಬಂದರೂ ವಾಪಸು ಕಳುಹಿಸುವುದಿಲ್ಲ, ದೂರದಿಂದ ಬಂದಿರುತ್ತೀರಿ. ಅಳೆದು ಕೊಡುತ್ತೇನೆ. ಆದರೆ ವರದಿಯಲ್ಲಿ ಎಣಿಕೆಗಳ ಅನುಪಾತ ಮಾತ್ರ ಇರುತ್ತದೆ, ಪಿಪಿಎಂ ಎಂದು ಬರೆಯುವುದಿಲ್ಲ.