ಗಾಜಿನ ಪೆಟ್ಟಿಗೆಯೊಳಗೆ ಹಡಗಿಗೆ ಏನು ಅಪಾಯ?

ಅಮೆರಿಕದ ಅನ್ನಾಪೊಲಿಸ್ ಊರಿನ ನೌಕಾ ಅಕಾಡೆಮಿಯಲ್ಲಿ ಪ್ರೆಬಲ್ ಹಾಲ್ ಅಂತ ಒಂದು ಕಟ್ಟಡವಿದೆ. ಅದರೊಳಗಿನ ಮ್ಯೂಸಿಯಂ ಪಕ್ಕದ ವಾಷಿಂಗ್ಟನ್‌ನ ಮ್ಯೂಸಿಯಂಗಳ ಮುಂದೆ ಚಿಕ್ಕದೇ. ಆದರೆ ಕೈಯಲ್ಲಿ ಮಾಡಿದ ಹಡಗಿನ ಮಾದರಿಗಳನ್ನು ನೋಡಬೇಕೆಂದರೆ ಇಲ್ಲಿಗೇ ಹೋಗಬೇಕು. ಹೆನ್ರಿ ರೋಜರ್ಸ್ ಎಂಬ ಶ್ರೀಮಂತರು ತಾವು ಕೂಡಿಸಿದ್ದ ಮಾದರಿಗಳನ್ನು 1935ರಲ್ಲಿ ಅಕಾಡೆಮಿಗೆ ಬಿಟ್ಟುಹೋದರು.

ಇವುಗಳಲ್ಲಿ 17ನೇ ಶತಮಾನದ ಇಂಗ್ಲಿಷ್ ಮಾದರಿಗಳೂ ಇವೆ. ಅವನ್ನು ಸಾಮಾನ್ಯವಾಗಿ 48ರಲ್ಲಿ ಒಂದು ಪಾಲಿನ ಅಳತೆಗೆ ಮಾಡುತ್ತಿದ್ದರು. ಕೆಳಭಾಗಕ್ಕೆ ಹಲಗೆ ಹೊದಿಸುತ್ತಿರಲಿಲ್ಲ. ಹಾಗಾಗಿ ಪಕ್ಕೆಲುಬಿನಂಥ ಮರಗಳೆಲ್ಲ ಹೊರಗೇ ಕಾಣುತ್ತವೆ.

ನನಗೆ ಜಾಸ್ತಿ ಇಷ್ಟ ಮೂಳೆಯ ಹಡಗುಗಳು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರು ಇಂಗ್ಲೆಂಡಿನ ಜೈಲುಗಳಲ್ಲಿ ಇಂಥವನ್ನು ಮಾಡಿದರು. ಪೀಟರ್‌ಬರೊ ಹತ್ತಿರದ ನಾರ್ಮನ್ ಕ್ರಾಸ್ ಶಿಬಿರ 1797ರಿಂದ 1814ರವರೆಗೆ ನಡೆಯಿತು. ಊಟಕ್ಕೆ ಕೊಟ್ಟ ಮಾಂಸದಲ್ಲಿ ಉಳಿದ ಮೂಳೆಯನ್ನು ಕೈದಿಗಳು ಬೇಯಿಸಿ, ತೆಳ್ಳಗೆ ಸೀಳಿ, ಮರದ ಒಡಲಿನ ಮೇಲೆ ಸಣ್ಣ ಪಿನ್ನುಗಳಿಂದ ಕೂರಿಸುತ್ತಿದ್ದರು. ಹಗ್ಗಕ್ಕೆ ಕೆಲವೊಮ್ಮೆ ತಲೆಗೂದಲು! ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ನೂರರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಅದು 7 ಮಿಲಿಮೀಟರ್ ಹಗ್ಗಕ್ಕೆ ಸಮ. ಸಣ್ಣ ಹಗ್ಗಕ್ಕೆ ಸರಿಯಾದ ಅಳತೆಯೇ ಅಲ್ವಾ? ಮುಗಿದ ಹಡಗುಗಳನ್ನು ಶಿಬಿರದ ಸಂತೆಯಲ್ಲಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು.

ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಧೂಳು ಬೀಳದ ಹಾಗೆ ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ. ಆದರೆ ಕೆಲವು ಮಾದರಿಗಳಿಗೆ, ಅದರಲ್ಲೂ ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ಮಾಡಿದವಕ್ಕೆ, ಆ ಪೆಟ್ಟಿಗೆಯೇ ಶತ್ರು. ಅವುಗಳ ಪುಟ್ಟ ಫಿರಂಗಿ, ಲಂಗರು, ರಾಟೆಗಳನ್ನು ಸೀಸದಲ್ಲಿ ಎರಕ ಹೊಯ್ದಿರುತ್ತಾರೆ. ಸೀಸ ಕಡಿಮೆ ಬಿಸಿಗೇ ಕರಗುತ್ತದೆ, ಹಾಗಾಗಿ ಕೆಲಸ ಸುಲಭ. ವರ್ಷಗಳು ಕಳೆದ ಮೇಲೆ ನೋಡಿದರೆ ಫಿರಂಗಿಗಳ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ. ಮುಟ್ಟಿದರೆ ಉದುರುತ್ತದೆ.

ಕಾರಣ ಮರ. ಮರದಿಂದ, ಅದರಲ್ಲೂ ಓಕ್‌ನಿಂದ, ಸದಾ ಒಂದಿಷ್ಟು ಅಸಿಟಿಕ್ ಆಮ್ಲದ ಆವಿ ಹೊರಬರುತ್ತಿರುತ್ತದೆ. ವಿನಿಗರ್‌ನಲ್ಲಿರುವ ಆಮ್ಲವೇ ಅದು. ಕೆಲವು ಅಂಟು, ಬಣ್ಣಗಳಿಂದಲೂ ಬರುತ್ತದೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಆವಿಗೆ ದಾರಿಯಿಲ್ಲ. ಗಾಳಿಯ ತೇವವೂ ಸೇರಿದಾಗ ಅದು ಸೀಸವನ್ನು ತಿಂದು ಸೀಸದ ಅಸಿಟೇಟ್ ಮಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿ ಅದು ಬಿಳಿ ಕಾರ್ಬೊನೇಟ್ ಆಗುತ್ತದೆ. ಆಗ ಆಮ್ಲ ಬಿಡುಗಡೆಯಾಗಿ ಮತ್ತೆ ಸೀಸಕ್ಕೇ ಅಂಟಿಕೊಳ್ಳುತ್ತದೆ. ಆಮ್ಲ ಖರ್ಚಾಗುವುದೇ ಇಲ್ಲ. ಅದಕ್ಕೇ ಸ್ವಲ್ಪ ಆವಿ ಸಾಕು, ಇಡೀ ಫಿರಂಗಿ ಪುಡಿಯಾಗಲು.

ಹಿಂದೆ ಯುರೋಪಿನಲ್ಲಿ ಬಿಳಿ ಬಣ್ಣ ತಯಾರಿಸುತ್ತಿದ್ದದ್ದೂ ಹೀಗೆಯೇ. ಮಡಕೆಯಲ್ಲಿ ವಿನಿಗರ್ ಹಾಕಿ, ಮೇಲೆ ಸೀಸದ ತಗಡು ಇಟ್ಟು, ಸುತ್ತ ಗೊಬ್ಬರ ತುಂಬುತ್ತಿದ್ದರು. ಗೊಬ್ಬರ ಬಿಸಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತಿತ್ತು. ವರ್ಣಚಿತ್ರಗಳಿಗೆ ಬೆಳಕು ಕೊಟ್ಟ ರಸಾಯನ ಕ್ರಿಯೆಯೇ ಪುಟ್ಟ ಹಡಗುಗಳನ್ನು ಸದ್ದಿಲ್ಲದೆ ಹಾಳು ಮಾಡುತ್ತಿದೆ.

ಈ ಪುಡಿ ವಿಷ, ಕೈಗೆ ಅಂಟಿಸಿಕೊಳ್ಳಬಾರದು. ಮ್ಯೂಸಿಯಂನವರು ಪೆಟ್ಟಿಗೆಯೊಳಗೆ ಬಣ್ಣ ಬದಲಿಸುವ ಕಾಗದದ ಪಟ್ಟಿ ಇಟ್ಟು ಆಮ್ಲ ಎಷ್ಟಿದೆ ಅಂತ ನೋಡುತ್ತಾರೆ. ಓಕ್ ಪೆಟ್ಟಿಗೆ ಬಿಡುತ್ತಾರೆ, ಗಾಳಿಯಾಡಲು ದಾರಿ ಮಾಡುತ್ತಾರೆ. ಹೊಸದಾಗಿ ಮಾದರಿ ಮಾಡುವವರು ಸೀಸದ ಬದಲು ತವರದ ಮಿಶ್ರಲೋಹ ಅಥವಾ ಹಿತ್ತಾಳೆ ಬಳಸಬೇಕು. ಪುಡಿಯಾದ ಹಳೆಯ ಫಿರಂಗಿಯನ್ನು ತೆಗೆದು ಹೊಸದನ್ನು ಕೂರಿಸಬಹುದು. ಆದರೆ ಮಾಡಿದವನ ಕೈಗುರುತು ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ನನ್ನ ಮಟ್ಟಿಗೆ, ಮೊದಲ ಬಿಳಿ ಚುಕ್ಕೆ ಕಂಡ ದಿನವೇ ಪೆಟ್ಟಿಗೆ ಬದಲಿಸುವುದು ಒಳ್ಳೆಯದು.