ಗಾಜಿನಾಚೆ ರೈಲು, ಈಚೆ ನಾವು: ಫೋಟೋ ಏನು ತೆಗೆಯೋದು?

ಪ್ರಶ್ನೆ: ಮುಂಬೈಯ ಅಂಡರ್‌ಗ್ರೌಂಡ್ ಮೆಟ್ರೋದಲ್ಲಿ ಎಲ್ಲಿ ನೋಡಿದರೂ ಗಾಜು. ರೈಲು ಸರಿಯಾಗಿ ಕಾಣಿಸೋದೇ ಇಲ್ಲ. ಫೋಟೋ ತೆಗೆದರೆ ನನ್ನದೇ ಮುಖ ಬರುತ್ತೆ, ಜೊತೆಗೆ ಕಪ್ಪು ಪಟ್ಟೆಗಳು. ಅಲ್ಲಿ ತೆಗೆಯುವಂಥದ್ದು ಏನಾದರೂ ಇದೆಯಾ?

ಸಾಂತಾಕ್ರೂಜ್‌ನ ಓದುಗರೊಬ್ಬರು ಕೇಳಿದ್ದಾರೆ. ಮಾಟುಂಗ, ದಾದರ್ ಕಡೆಯ ನಮ್ಮವರೂ ಇದನ್ನೇ ಕೇಳುತ್ತಿರುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬಂದಿಳಿದ ನೆಂಟರನ್ನು ಹಾಗೇ ಕೆಳಗಿಳಿಸಿ ಮೆಟ್ರೋ ತೋರಿಸಬಹುದು, ಅಲ್ವಾ?

ಇದೆ, ಬೇಕಾದಷ್ಟಿದೆ. ಆದರೆ ರೈಲನ್ನು ಸ್ವಲ್ಪ ಹೊತ್ತು ಮರೆಯಬೇಕು.

ಮೊದಲು ಆ ಗಾಜಿನ ವಿಷಯ. ಅಕ್ವಾ ಲೈನ್ ಅಂದರೆ ಮೂರನೇ ಮಾರ್ಗ, ಆರೇಯಿಂದ ಕಫ್ ಪರೇಡ್‌ವರೆಗೆ ಸುಮಾರು 33.5 ಕಿ.ಮೀ. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. 27 ಸ್ಟೇಷನ್‌ಗಳಲ್ಲಿ 26 ನೆಲದಡಿ ಇವೆ. ಅಲ್ಲಿ ಪ್ಲಾಟ್‌ಫಾರ್ಮ್ ಅಂಚಿಗೆ ಗಾಜಿನ ಬಾಗಿಲುಗಳ ಗೋಡೆ. ಯಾರೂ ಹಳಿಗೆ ಬೀಳಬಾರದು, ಏಸಿಯ ತಂಪು ಸುರಂಗಕ್ಕೆ ಸೋರಬಾರದು, ರೈಲು ತಳ್ಳಿಕೊಂಡು ಬರುವ ಗಾಳಿ ಮುಖಕ್ಕೆ ಹೊಡೆಯಬಾರದು, ಅದಕ್ಕೆ. ಬಾಗಿಲು ತೆಗೆದೇ ಓಡುವ ಲೋಕಲ್‌ನಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಿದರೆ ಆಶ್ಚರ್ಯವಿಲ್ಲ.

ನಿಮ್ಮ ಮುಖ ಬರಬಾರದು ಅಂದರೆ ಫೋನನ್ನು ಗಾಜಿಗೆ ತಾಗಿಸಿ, ಲೆನ್ಸ್ ಸುತ್ತ ಕೈ ಮುಚ್ಚಿ. ಬಿಳಿ ಅಂಗಿಗಿಂತ ಕಪ್ಪು ಅಂಗಿ ವಾಸಿ. ಇನ್ನೊಂದು ದಾರಿಯೂ ಇದೆ, ನನಗೆ ಅದೇ ಇಷ್ಟ: ಪ್ರತಿಬಿಂಬ ಇರಲಿ ಬಿಡಿ. ಓರೆಯಾಗಿ ನಿಂತು, ಫೋನಿನ ಪ್ರೋ ಮೋಡ್‌ನಲ್ಲಿ ಶಟರನ್ನು (ಸೆನ್ಸರಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/15ಕ್ಕೆ ಇಟ್ಟು, ರೈಲು ಒಳಗೆ ಬರುವಾಗ ತೆಗೆಯಿರಿ. ನಿಮ್ಮ ಬೆನ್ನ ಹಿಂದಿನ ಪ್ಲಾಟ್‌ಫಾರ್ಮ್ ಗಾಜಿನ ಮೇಲೆ ಅಲುಗದೆ ನಿಂತಿರುತ್ತೆ, ಅದರೊಳಗೇ ಕೋಚಿನ ಕಿಟಕಿಗಳು ಬೆಳಕಿನ ಗೆರೆಯಾಗಿ ಎಳೆದುಕೊಂಡು ಹೋಗುತ್ತವೆ. ಕೈ ನಡುಗದ ಹಾಗೆ ಕಂಬಕ್ಕೆ ಒರಗಿಕೊಳ್ಳಿ. ಫ್ಲ್ಯಾಷ್ ಮಾತ್ರ ಬೇಡವೇ ಬೇಡ. ಗಾಜಿನಿಂದ ವಾಪಸ್ ಬರುತ್ತೆ, ಚಾಲಕರ ಕಣ್ಣಿಗೂ ಹೊಡೆಯುತ್ತೆ.

ಪಟ್ಟೆಗಳಿಗೆ ಕಾರಣ ದೀಪಗಳು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗೋಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ; ಕೆಲವು ಸಾಲಿಗೆ ಬೆಳಕು ಸಿಗುತ್ತೆ, ಕೆಲವಕ್ಕೆ ಕಮ್ಮಿಯಾಗುತ್ತೆ. ಪ್ರೋ ಮೋಡ್‌ಗೆ ಹೋಗಿ ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಇಂಥ ಪಟ್ಟೆ ಮಾಯ. ಮುಂದಿನ ಸ್ಟೇಷನ್ ತೋರಿಸುವ ಬೋರ್ಡಿನಲ್ಲಿ ಅಕ್ಷರ ಅರ್ಧಂಬರ್ಧ ಬಂದರೆ 1/30ಕ್ಕೆ ಇಳಿಸಿ ನೋಡಿ.

ಈಗ ನೆಲ ನೋಡಿ. ಹಳದಿ ಉಬ್ಬು ಟೈಲ್ಸ್ ಇವೆಯಲ್ಲ, ಉದ್ದ ಗೆರೆ ಇದ್ದರೆ 'ನಡೆಯಿರಿ', ಗುಂಡು ಚುಕ್ಕಿ ಇದ್ದರೆ 'ನಿಲ್ಲಿ, ಮುಂದೆ ಏನೋ ಇದೆ'. ಕಣ್ಣು ಕಾಣದವರು ಕಾಲಲ್ಲಿ, ಕೋಲಲ್ಲಿ ಇದನ್ನು ಓದುತ್ತಾರೆ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ್ದು, 1967ರಲ್ಲಿ ಒಕಾಯಾಮಾ ಊರಿನ ರಸ್ತೆಯಲ್ಲಿ ಮೊದಲು ಹಾಸಿದರು. ಗೆರೆ ಮುಗಿದು ಚುಕ್ಕಿ ಶುರುವಾಗುವ ಜಾಗ ಹುಡುಕಿ, ಫೋನನ್ನು ನೆಲದ ಹತ್ತಿರ ಇಳಿಸಿ. ಓರೆ ಬೆಳಕಿಗೆ ಪ್ರತಿ ಉಬ್ಬಿಗೂ ಒಂದೊಂದು ನೆರಳು ಬೀಳುತ್ತೆ. ನಡುವೆ ಒಂದು ಚಪ್ಪಲಿ ಕಾಲು ಸಿಕ್ಕರೆ ಅಳತೆಯೂ ತಿಳಿಯುತ್ತೆ.

ಎಸ್ಕಲೇಟರ್ ಪಕ್ಕದ ಬ್ರಷ್ ಗಮನಿಸಿದ್ದೀರಾ? ಜನ ಸುಮ್ನೆ ಬೂಟು ಉಜ್ಜಿಕೊಳ್ಳುತ್ತಾರೆ. ಅದು ಇರೋದು ಬೂಟಿಗಲ್ಲ. ಮೆಟ್ಟಿಲಿಗೂ ಪಕ್ಕದ ತಗಡಿಗೂ ಮಧ್ಯೆ ಸಂದು ಇದೆ, ಚಪ್ಪಲಿಯೋ ಸೀರೆಯ ಅಂಚೋ ಅದಕ್ಕೆ ಸಿಗಬಾರದು. ಬ್ರಷ್ ತಾಗಿದ ಕೂಡಲೇ ಕಾಲು ತಾನಾಗಿ ಒಳಗೆ ಸರಿಯುತ್ತೆ. ಗೋಡೆಯ ದೊಡ್ಡ ಚಿತ್ರದ ಫೋಟೋ ಎಲ್ಲರೂ ತೆಗೆಯುತ್ತಾರೆ, ಆ ಕೆಲಸ ಆ ಕಲಾವಿದರೇ ಮಾಡಿ ಮುಗಿಸಿದ್ದಾರೆ. ನಾನಾದರೆ ಈ ಬ್ರಷ್ ತೆಗೆಯುತ್ತೇನೆ.

ಇನ್ನು ಸ್ಟೇಷನ್‌ಗಳೇ ಒಂದರಂತೆ ಒಂದಿಲ್ಲ. ಗಿರ್ಗಾಂವ್, ಕಾಲ್ಬಾದೇವಿಯಲ್ಲಿ ಮೇಲೆ ಕಿರಿದಾದ ರಸ್ತೆ, ಎರಡೂ ಕಡೆ ಹಳೆಯ ಚಾಳುಗಳು, ಅಂದರೆ ವಠಾರಗಳು. ಬೇರೆ ಕಡೆಯ ಹಾಗೆ ರಸ್ತೆಯನ್ನೇ ಅಗೆದು ದೊಡ್ಡ ಗುಂಡಿ ಮಾಡಲು ಜಾಗವಿರಲಿಲ್ಲ. ಅದಕ್ಕೇ ಒಳಗಿನಿಂದ ಸ್ವಲ್ಪ ಸ್ವಲ್ಪವೇ ಕೊರೆದು ಗಟ್ಟಿ ಮಾಡುತ್ತಾ ಹೋದರು. ಈ ಎರಡರಲ್ಲಿ ಒಂದರಲ್ಲೂ ಬಿಕೆಸಿಯಲ್ಲೂ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಒಂದೇ ಕೋನದಿಂದ ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಧಾರಾವಿ, ಬಿಕೆಸಿ ನಡುವೆ ಮಿಠಿ ನದಿಯ ಅಡಿಯಲ್ಲೇ ಹೋಗುತ್ತೀರಿ. ಫೋಟೋದಲ್ಲಿ ಕಪ್ಪು ಕಿಟಕಿ ಬಿಟ್ಟು ಏನೂ ಬರೋಲ್ಲ, ನೆಂಟರಿಗೆ ಬಾಯಲ್ಲೇ ಹೇಳಬೇಕು.

ನೆಲದಡಿ ಬಿಸಿಲು ಬೇಕಾದರೆ ಪುಣೆಗೆ ಹೋಗಿ. ಅಲ್ಲಿನ ಜಿಲ್ಲಾ ನ್ಯಾಯಾಲಯ ಸ್ಟೇಷನ್, ಮೊದಲು ಸಿವಿಲ್ ಕೋರ್ಟ್ ಅಂತಿತ್ತು, ಸುಮಾರು 33 ಮೀಟರ್ ಆಳದಲ್ಲಿದೆ. ಆದರೂ ಮೇಲಿನ ತೆರಪಿನಿಂದ ಹಗಲಿನ ಬೆಳಕು ಕೆಳಗಿಳಿಯುವ ಹಾಗೆ ಕಟ್ಟಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಹೋಗಿ. ಬಿಸಿಲು ಬಿದ್ದ ಜಾಗ ತೀರಾ ಬೆಳ್ಳಗಾಗದಂತೆ ಫೋನಿನ ಪರದೆಯಲ್ಲಿ ಅದರ ಮೇಲೆ ಬೆರಳೊತ್ತಿ ಎಕ್ಸ್‌ಪೋಷರ್ (ಬೆಳಕಿನ ಅಳತೆ) ಲಾಕ್ ಮಾಡಿ.

ಕಡೆಯದಾಗಿ, ಸ್ಟೇಷನ್ ಬೋರ್ಡಿನಲ್ಲಿ ಫೋಟೋ ಬಗ್ಗೆ ಏನು ಬರೆದಿದೆ ಅಂತ ಮೊದಲು ಓದಿ. ಬ್ಯಾಗ್ ತಪಾಸಣೆ ಯಂತ್ರ, ಭದ್ರತಾ ಸಿಬ್ಬಂದಿ, ಕಂಟ್ರೋಲ್ ರೂಮ್ ಕಡೆ ಕ್ಯಾಮೆರಾ ತಿರುಗಿಸಬೇಡಿ. ಕೇಳದೆ ಯಾರ ಮುಖವನ್ನೂ ಹತ್ತಿರದಿಂದ ತೆಗೆಯಬೇಡಿ. ಟ್ರೈಪಾಡ್, ಲೈಟು, ಮದುವೆ ಫೋಟೋಶೂಟ್ ಅಂದರೆ ಮುಂಚೆಯೇ ಬರಹದಲ್ಲಿ ಅನುಮತಿ ಪಡೆಯಿರಿ. ಸಿಬ್ಬಂದಿ ಬೇಡ ಅಂದರೆ ವಾದ ಮಾಡದೆ ಫೋನು ಜೇಬಿಗೆ ಹಾಕಿ. ಆಫೀಸಿನ ಗದ್ದಲವಿಲ್ಲದ ಮಧ್ಯಾಹ್ನದಲ್ಲಿ ಹೋದರೆ ಯಾರ ದಾರಿಗೂ ಅಡ್ಡ ನಿಂತಂತಾಗೋಲ್ಲ.